ಕೊನೆಕೊಯ್ಲು ಮುಗಿಯಲಿ, ಆಮೇಲೆ ನೋಡೋಣ

ಕಳೆದ ಚಳಿಗಾಲದಲ್ಲಿ ಶಿರಸಿ ತಾಲ್ಲೂಕಿನ ಒಳಭಾಗದಲ್ಲಿರುವ ಅಣ್ಣನ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆ. ಮರವೇರಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೊನೆಗೌಡ ಇಳಿಸಿಕೊಟ್ಟ ಅಡಿಕೆ ಅಂಗಳದಲ್ಲೂ ಜಗಲಿಯಲ್ಲೂ ರಾಶಿ ಬಿದ್ದಿತ್ತು. ಅತ್ತಿಗೆ ನಸುಕಿನ ನಾಲ್ಕೂವರೆಗೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕಿ, ಕೊಟ್ಟಿಗೆ ಬಳಿದು, ಹಾಲು ಕರೆದು, ಎಂಬತ್ತೈದು ದಾಟಿದ ಅತ್ತೆಗೆ ಮಾತ್ರೆ ಕೊಟ್ಟು, ಆಳುಗಳ ದೋಸೆ, ಕುಡಿಯುವ ಆಸರಿ ಮುಗಿಸುವ ಹೊತ್ತಿಗೆ ಒಂಬತ್ತಾಗುತ್ತಿತ್ತು. ರಾತ್ರಿ ಊಟವಾದ ಮೇಲೆ, ಯಂತ್ರ ಸುಲಿದುಬಿಟ್ಟ ಅಡಿಕೆಯಲ್ಲಿ ಸಿಪ್ಪೆ ಉಳಿದವನ್ನು ಆರಿಸಿ ಮತ್ತೆ ಮೆಟ್ಟುಗತ್ತಿಗೆ ಕೊಡಲು ಕೂತರೆ ಏಳುವಾಗ ಹತ್ತೂವರೆ. ಅಟ್ಟದ ಏಣಿಯನ್ನು ಅರ್ಧ ಹತ್ತಿ ಅವರು ಎದೆ ಹಿಡಿದು ನಿಂತದ್ದನ್ನು ಆ ಎರಡು ದಿನಗಳಲ್ಲಿ ಮೂರು ಸಲ ಕಂಡೆ. ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತೆಂದು ಕೇಳಿದ್ದಕ್ಕೆ, ಕಡೆಯ ಮಗಳ ಬಸಿರಿನಲ್ಲಿ ಮಾಡಿಸಿದ್ದು ಎಂದರು. ಆ ಮಗಳು ಈಗ ಬೆಂಗಳೂರಿನಲ್ಲಿ ಎರಡನೆಯ ಕೆಲಸಕ್ಕೆ ಸೇರಿದ್ದಾಳೆ. ನಾಳೆಯೇ ಶಿರಸಿಗೆ ಹೋಗಿ ಬರೋಣ ಎಂದೆ. "ಕೊನೆಕೊಯ್ಲು ಒಂದು ಮುಗೀಲಿ, ಆಮೇಲೆ ನೋಡನ" ಎಂದರು. ಸ್ವಲ್ಪ ತಡೆದು, "ಆಕಳು ಬೇರೆಯವ್ರ ಕೈಗೆ ಹಾಲು ಬಿಡ್ತಿಲ್ಲೆ" ಎಂದೂ ಸೇರಿಸಿದರು.

ಈ ಮಾತು ಉತ್ತರ ಕನ್ನಡದ ಯಾವ ಮನೆಗೂ ಹೊಸದಲ್ಲ. ಘಟ್ಟದ ಮೇಲೆ ಕೊಯ್ಲು ಮುಗಿಯಬೇಕು, ಘಟ್ಟದ ಕೆಳಗೆ ಮೀನಿನ ಹಂಗಾಮು ಮುಗಿಯಬೇಕು, ಮಕ್ಕಳಿದ್ದಲ್ಲಿ ಪರೀಕ್ಷೆ ಮುಗಿಯಬೇಕು, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದರೆ ನೆಂಟರೆಲ್ಲ ಹೊರಟು ಹೋಗಬೇಕು. ಮಹಿಳೆಯರ ಆರೋಗ್ಯ ಮತ್ತು ನೆಮ್ಮದಿಯ ಬಗ್ಗೆ ಈಗ ಬರುತ್ತಿರುವ ಬರಹಗಳಲ್ಲಿ ಸಮತೋಲನ ಎಂಬ ಪದ ಧಾರಾಳವಾಗಿ ಕಾಣುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಜವಾಬ್ದಾರಿ, ಇನ್ನೊಂದರಲ್ಲಿ ಸ್ವಂತದ ಕ್ಷೇಮ, ಎರಡನ್ನೂ ಸರಿದೂಗಿಸುವ ಜಾಣ್ಮೆಯನ್ನು ಹೆಂಗಸು ಕಲಿಯಬೇಕು ಎಂಬಂತೆ. ಮನೆಗಳೊಳಗೆ ನಡೆಯುವುದನ್ನು ನೋಡಿದರೆ ಅದಕ್ಕೆ ಮುಂದೂಡಿಕೆ ಎಂಬ ಹೆಸರೇ ಹೆಚ್ಚು ಸರಿ. ಅವಳ ದಿನದ ಹತ್ತು ಕೆಲಸಗಳಲ್ಲಿ ಒಂಬತ್ತಕ್ಕೆ ಕೇಳುವವರಿದ್ದಾರೆ: ಹಾಲಿಗೆ ಡೈರಿಯವರು ಬರುವ ಹೊತ್ತಿದೆ, ಆಳುಗಳಿಗೆ ಹಸಿವಿದೆ, ಮಗುವಿಗೆ ಶಾಲೆಯ ಗಂಟೆಯಿದೆ, ಸಂಘದ ಕಂತಿಗೆ ವಾರವಿದೆ. ಹತ್ತನೆಯದು ಅವಳದೇ ಮೈ. ಅದನ್ನು ಕೇಳುವವರು ಯಾರೂ ಇಲ್ಲದ ಕಾರಣ, ಹೊತ್ತು ಸಾಲದೆ ಬಂದಾಗಲೆಲ್ಲ ಹಿಂದೆ ಸರಿಯುವುದು ಅದೇ.

ಹೆಂಗಸರ ಹೊತ್ತು ಎಲ್ಲಿ ಹೋಗುತ್ತದೆ ಎಂಬುದಕ್ಕೆ ಈಗ ಲೆಕ್ಕವೂ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ಮೊದಲ ಸಲ ಇಡೀ ದೇಶದ ಸಮಯ ಬಳಕೆ ಸಮೀಕ್ಷೆ ನಡೆಸಿತು, 2024ರಲ್ಲಿ ಎರಡನೆಯ ಸಲ. ನಸುಕಿನ ನಾಲ್ಕು ಗಂಟೆಯಿಂದ ಮರುದಿನ ನಸುಕಿನ ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಒಬ್ಬೊಬ್ಬರು ಏನು ಮಾಡಿದರೆಂದು ಅದರಲ್ಲಿ ಕೇಳಿ ಬರೆದುಕೊಳ್ಳುತ್ತಾರೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು, ಅದೇ ಕೆಲಸ ಮಾಡಿದ ಗಂಡಸರು 97 ನಿಮಿಷ. ಐದು ವರ್ಷಗಳ ನಂತರ ಹೆಂಗಸರದು 289 ನಿಮಿಷಕ್ಕೆ ಇಳಿಯಿತು, ಅಂದರೆ ಹತ್ತು ನಿಮಿಷದ ಉಳಿತಾಯ. ಆ ಹತ್ತು ನಿಮಿಷವನ್ನು ಗಂಡಸರು ಹೊತ್ತುಕೊಂಡರೇ ಎಂದು ನೋಡಿದರೆ ಅವರದು 88ಕ್ಕೆ ಇಳಿದಿದೆ. ಮಕ್ಕಳು, ವೃದ್ಧರು, ರೋಗಿಗಳನ್ನು ನೋಡಿಕೊಳ್ಳುವ ಲೆಕ್ಕ ಬೇರೆ: 15ರಿಂದ 59ರ ವಯಸ್ಸಿನವರಲ್ಲಿ ಆ ಕೆಲಸ ಮಾಡುವ ಹೆಂಗಸರು ದಿನಕ್ಕೆ 140 ನಿಮಿಷ, ಗಂಡಸರು 74 ನಿಮಿಷ. ಇದೇ ಅವಧಿಯಲ್ಲಿ ದುಡಿಮೆಯ ಲೆಕ್ಕಕ್ಕೆ ಬರುವ ಹೆಂಗಸರ ಪ್ರಮಾಣ ಜೋರಾಗಿ ಏರಿದೆ. ಶ್ರಮಬಲದ ಸರ್ಕಾರಿ ಸಮೀಕ್ಷೆಯ ಪ್ರಕಾರ 2017-18ರಲ್ಲಿ ಶೇ 23.3 ಇದ್ದದ್ದು 2023-24ರಲ್ಲಿ ಶೇ 41.7. ಹೊರಗಿನ ಕೆಲಸ ಸುಮಾರು ಎರಡು ಪಟ್ಟಾಗುವ ದಾರಿಯಲ್ಲಿರುವಾಗ ಒಳಗಿನ ಕೆಲಸ ಕರಗಿದ್ದು ಹತ್ತು ನಿಮಿಷವಾದರೆ, ಉಳಿದ ಹೊತ್ತನ್ನು ನಿದ್ದೆಯಿಂದಲೋ ಊಟದಿಂದಲೋ ಸುಮ್ಮನೆ ಕೂರುವ ಹೊತ್ತಿನಿಂದಲೋ ಕಡ ತಂದಿರಬೇಕು ಎಂಬುದಕ್ಕೆ ದೊಡ್ಡ ಗಣಿತ ಬೇಕಿಲ್ಲ.

ನಮ್ಮ ಜಿಲ್ಲೆಯಂಥ ಕಡೆಗೆ ಆ 289 ನಿಮಿಷವೂ ಕಡಿಮೆ ಎಂಬುದನ್ನು ಗಮನಿಸಬೇಕು. ಸಮೀಕ್ಷೆಯು ಅನುಸರಿಸುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮನೆ ಬಳಕೆಗೆ ನೀರು ಹೊರುವುದು, ಕಟ್ಟಿಗೆ ತರುವುದು, ಸ್ವಂತಕ್ಕೆ ದನ ಸಾಕುವುದು ಇವೆಲ್ಲ ಮನೆಗೆಲಸದ ಕಂಬದಲ್ಲಿ, ಅಂದರೆ ಕಾಲಮ್ಮಿನಲ್ಲಿ, ಬರುವುದಿಲ್ಲ, ಸ್ವಂತ ಬಳಕೆಯ ಉತ್ಪಾದನೆ ಎಂಬ ಬೇರೆ ಕಂಬಕ್ಕೆ ಹೋಗುತ್ತವೆ. ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಬಚ್ಚಲೊಲೆ ಉರಿಯುವ ಮಲೆನಾಡಿನಲ್ಲಿ, ಏಪ್ರಿಲ್ ಬಂತೆಂದರೆ ಬಾವಿಯ ನೀರು ಉಪ್ಪಾಗುವ ಕರಾವಳಿಯ ಹಳ್ಳಿಗಳಲ್ಲಿ, ಆ ಬೇರೆ ಕಂಬವೇ ಎಷ್ಟು ಉದ್ದವಾಗುತ್ತದೆಂದು ಮನೆ ನಡೆಸಿದವರಿಗೆ ಗೊತ್ತು. ಯಾವ ಕಂಬಕ್ಕೂ ಸೇರದ್ದೂ ಒಂದಿದೆ. ನಾಳೆಗೆ ಮೊಸರು ಸಾಕೇ, ಮಾವನ ಬಿಪಿ ಮಾತ್ರೆ ಇನ್ನೆಷ್ಟು ದಿನಕ್ಕಿದೆ, ಕಲ್ಯಾಣದ ಮನೆಗೆ ಉಡುಗೊರೆ ಏನು ಎಂದು ತಲೆಯೊಳಗೆ ಸದಾ ತಿರುಗುತ್ತಿರುವ ಪಟ್ಟಿಯನ್ನು ಅರ್ಧ ಗಂಟೆಯ ಯಾವ ಚೌಕದಲ್ಲಿ ಬರೆಯಬೇಕು?

ಈ ಕೆಲಸಕ್ಕೆ ಬೆಲೆಯಿದೆ ಎಂದು ನ್ಯಾಯಾಲಯ ಒಪ್ಪಿದೆ. 2021ರ ಜನವರಿ 5ರಂದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೂ ಅಂದಾಜು ಆದಾಯ ಕಟ್ಟಬೇಕೆಂದು ಹೇಳುವಾಗ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಇದೇ 299 ಮತ್ತು 97ರ ಅಂಕಿಗಳನ್ನು ಉಲ್ಲೇಖಿಸಿದ್ದರು. ಆದರೆ ಬೆಲೆ ಕಟ್ಟಿದ್ದು ಆಕೆ ಸತ್ತ ಮೇಲೆ ಎಂಬುದು ಆ ಪ್ರಕರಣದ ವ್ಯಂಗ್ಯ.

ಉತ್ತರ ಕನ್ನಡದ ಸಂಗತಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇಲ್ಲಿನ ಪಂಚಾಂಗ. ಕಾರವಾರದ ಬೈತಖೋಲ, ಕುಮಟಾ ಕಡೆಯ ತದಡಿ, ಹೊನ್ನಾವರ ಇಲ್ಲೆಲ್ಲ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗಸ್ಟಿನಿಂದ ಮೇ ತನಕ ಮೀನು ಮಾರುವ ಹೆಂಗಸರು ನಸುಕಿಗೇ ಹರಾಜಿಗೆ ಹೋಗಿ, ಮಂಜುಗಡ್ಡೆ ಹಾಕಿಸಿ, ಟೆಂಪೋ ಹಿಡಿದು ಪೇಟೆ ಮುಟ್ಟಬೇಕು. ಮೀನಿಗೆ ಕಾಯುವ ತಾಳ್ಮೆಯಿಲ್ಲ, ಮಧ್ಯಾಹ್ನದ ಬಂಗಡೆಗೆ ಬೆಳಗಿನ ದರ ಸಿಗುವುದಿಲ್ಲ. ಹಾಗಾಗಿ ಕೈಯಲ್ಲಿ ದುಡ್ಡಿರುವ ಹತ್ತು ತಿಂಗಳು ಅವರಿಗೆ ಹೊತ್ತಿಲ್ಲ. ಹೊತ್ತು ಸಿಗುವ ಎರಡು ತಿಂಗಳು ಕೈಯಲ್ಲಿ ದುಡ್ಡಿಲ್ಲ. ಕೂಡಿಟ್ಟ ಒಣಮೀನು ಮಾರಿಯೋ ಸಂಘದ ಸಾಲ ತಂದೋ ಮನೆ ನಡೆಯುವ ಆ ಕಾಲದಲ್ಲಿ ಸ್ಕ್ಯಾನಿಂಗ್ ಮಾಡಿಸಿ ಎಂದು ಯಾರಿಗೆ ಹೇಳುವುದು? ಮಳೆಗಾಲದಲ್ಲಿ ಶಾಲೆ ಶುರುವಾಗುವ ಖರ್ಚು ಬೇರೆ.

ಘಟ್ಟದ ಮೇಲೆ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಒಣಗಿಸಿ ಸುಲಿದ ಚಾಲಿಯೋ ಬೇಯಿಸಿದ ಕೆಂಪಡಿಕೆಯೋ ಮಾರಾಟಕ್ಕೆ ಹೋಗುವ ತನಕ ಮನೆಯ ಹೆಂಗಸು ಅಂಗಳ ಬಿಟ್ಟು ಕದಲುವಂತಿಲ್ಲ. ಅದರ ನಡುವೆಯೇ ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ದರಕು, ಅಂದರೆ ಒಣ ತರಗೆಲೆ, ಗುಡಿಸಿ ತರುವ ಕೆಲಸ. ಮಂಗನ ಕಾಯಿಲೆ ಹರಡುವ ಉಣುಗು ಕಾಡಿನ ತರಗೆಲೆಯಲ್ಲಿ ಹೆಚ್ಚಾಗುವುದೂ ಸರಿಯಾಗಿ ಆ ತಿಂಗಳುಗಳಲ್ಲೇ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಈ ಕಾಯಿಲೆ 2024ರ ಆರಂಭದಲ್ಲಿಯೂ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವ ತೆಗೆದಿದೆ. ಆರೋಗ್ಯ ಇಲಾಖೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತದೆ. ಜ್ವರ ಬಂದ ದಿನವೇ ಆಸ್ಪತ್ರೆಗೆ ಬನ್ನಿ ಎಂದೂ ಹೇಳುತ್ತದೆ. ಜ್ವರ ಬಂದ ದಿನ ಅಡಿಕೆ ಹಂಡೆ ಒಲೆಯ ಮೇಲಿದ್ದರೆ, ಒಂದು ಪ್ಯಾರಾಸಿಟಮಾಲ್ ನುಂಗಿ ಮರುದಿನಕ್ಕೆ ತಳ್ಳುವುದು ವಾಡಿಕೆ. ಇನ್ನು ಕೆಲಸ ಇಳಿಯುವ ಮಳೆಗಾಲದಲ್ಲಿ ಹೊಳೆ ಏರಿ, ಘಟ್ಟದ ದಾರಿಯಲ್ಲಿ ಗುಡ್ಡ ಜರಿದು, ಹಳ್ಳಿಯ ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ. ದುಡ್ಡು, ಹೊತ್ತು, ದಾರಿ ಮೂರೂ ಒಂದೇ ತಿಂಗಳಲ್ಲಿ ಕೂಡಿಬರುವುದು ನಮ್ಮಲ್ಲಿ ಅಪರೂಪ. ಹೆಂಗಸರು ಸ್ವಂತದ ಬಗ್ಗೆ ಅಸಡ್ಡೆ ಮಾಡುತ್ತಾರೆಂದು ಬಯ್ಯುವವರು ಈ ಮೂರರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಅಂಕೋಲಾ ಪೇಟೆಯಲ್ಲಿ ಮೀನು ಮಾರುವ ಹಿರಿಯರೊಬ್ಬರ ಬಳಿ ಒಂದು ಮಧ್ಯಾಹ್ನ ಮಾತಿಗೆ ಕೂತಿದ್ದೆ. ಬೆಳಗಿನಿಂದ ನೀರು ಕುಡಿದಿರಲಿಲ್ಲ. ಪಕ್ಕದಲ್ಲಿದ್ದ ಬಾಟಲಿ ಮೀನಿನ ಮೇಲೆ ಚಿಮುಕಿಸಲು ಇಟ್ಟದ್ದು. "ನೀರು ಕುಡದ್ರೆ ಹೋಗೂಕೆ ಜಾಗ ಎಲ್ಲಿ ಅದೆ ತಂಗಿ?" ಎಂದರು. ಉರಿಮೂತ್ರ ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತದೆ, ಮೆಡಿಕಲ್ ಅಂಗಡಿಯವ ಕೊಡುವ ಗುಳಿಗೆ ನುಂಗಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಕ್ಷೇಮದ ಬಗ್ಗೆ ಓದುವ ಲೇಖನಗಳಲ್ಲೆಲ್ಲ ಮೊದಲ ಸಲಹೆ ಚೆನ್ನಾಗಿ ನೀರು ಕುಡಿಯಿರಿ ಎಂದೇ ಇರುತ್ತದೆ. ಆ ಸಲಹೆ ಪಾಲಿಸಲು ಇವರಿಗೆ ಬೇಕಾದದ್ದು ಮನಸ್ಸಿನ ದೃಢತೆ ಅಲ್ಲವೇ ಅಲ್ಲ, ಮೀನು ಮಾರುಕಟ್ಟೆಯಿಂದ ಐವತ್ತು ಹೆಜ್ಜೆಯೊಳಗೆ ಬಾಗಿಲು ಮುಚ್ಚುವ, ನೀರು ಬರುವ ಒಂದು ಶೌಚಾಲಯ. ತರಕಾರಿ ಹೊತ್ತು ಪೇಟೆಗೆ ಬರುವ ಹಾಲಕ್ಕಿ ಸಮುದಾಯದ ಹೆಂಗಸರಿಗೂ, ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಬಳಚು ಎಂಬ ಚಿಪ್ಪುಮೀನು ಆರಿಸಲು ಸೊಂಟದ ತನಕ ಕೆಸರಿಗಿಳಿಯುವವರಿಗೂ ಇದೇ ಮಾತು ಸಲ್ಲುತ್ತದೆ. ಆ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿದೆ; ಅದರಲ್ಲಿ ನಿಂತು ದುಡಿಯುವವರ ಬೆನ್ನು, ಮೊಣಕಾಲು, ಕಾಲಿನ ಹುಣ್ಣುಗಳ ಲೆಕ್ಕ ಯಾವ ಮಾನ್ಯತೆಯಲ್ಲೂ ಇಲ್ಲ.

ವಿಶ್ರಾಂತಿಯ ಬಗ್ಗೆ ನಮ್ಮ ಹಳೆಯ ಮನೆಗಳು ಏನು ಮಾಡಿದ್ದವು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕಾಗುತ್ತದೆ. ಮುಟ್ಟಾದರೆ ಮೂರು ದಿನ ಹೊರಗೆ ಕೂರುವ ಪದ್ಧತಿ ಘಟ್ಟದ ಮೇಲೆ ಬಹುಕಾಲ ಇತ್ತು. ಅದು ಅವಮಾನದ ಪದ್ಧತಿ, ಅದರಲ್ಲಿ ಎರಡು ಮಾತಿಲ್ಲ. ಚಳಿಯಲ್ಲಿ ಚಾಪೆಯ ಮೇಲೆ ಮಲಗಿ, ದೂರದಿಂದ ಬಡಿಸಿದ್ದನ್ನು ಉಂಡವರು ಇನ್ನೂ ಇದ್ದಾರೆ. ಆದರೂ ನನ್ನ ದೊಡ್ಡಮ್ಮನಂಥ ಹಿರಿಯರನ್ನು ಕೇಳಿದರೆ ತಿಂಗಳಲ್ಲಿ ಬೆನ್ನು ನೆಲಕ್ಕೆ ತಾಗುತ್ತಿದ್ದದ್ದು ಆ ಮೂರು ದಿನ ಮಾತ್ರ ಎನ್ನುತ್ತಾರೆ. ಆ ದಿನಗಳಲ್ಲಿ ಅಡುಗೆಮನೆಯನ್ನು ಗಂಡಸರೋ ಓರಗಿತ್ತಿಯೋ ಹೊತ್ತುಕೊಳ್ಳಲೇಬೇಕಿತ್ತು. ಬಾಣಂತನದ ನಲವತ್ತು ದಿನ, ಆಷಾಢದಲ್ಲಿ ತವರಿಗೆ ಹೋಗುವುದು ಇವೂ ಹಾಗೆಯೇ. ದಣಿವಾಗಿದೆ ಎಂಬ ಕಾರಣಕ್ಕೆ ಹೆಂಗಸಿಗೆ ವಿರಾಮ ಕೊಟ್ಟ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮೈಲಿಗೆ, ಹೆರಿಗೆ, ಶಾಸ್ತ್ರ ಎಂಬ ಯಾವುದಾದರೂ ನೆಪದ ಬೆನ್ನೇರಿಯೇ ವಿರಾಮ ಬರಬೇಕಿತ್ತು. ಈಗ ಮೈಲಿಗೆ ಬಹುತೇಕ ಮನೆಗಳಲ್ಲಿ ಹೋಗಿದೆ, ಹೋಗಬೇಕಾದದ್ದೇ. ಕೂಡುಕುಟುಂಬ ಒಡೆದು ಓರಗಿತ್ತಿಯೂ ಹೋಗಿದ್ದಾಳೆ. ನೆಪಗಳು ಹೋದ ಜಾಗದಲ್ಲಿ ನೇರವಾದ ಕಾರಣವನ್ನು ಯಾರೂ ತಂದಿಡಲಿಲ್ಲ.

ಹೀಗೆ ನೋಡಿದಾಗ ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿದ ಮುಟ್ಟಿನ ರಜೆಯ ನೀತಿಗೆ, ಅಂದರೆ ಸರ್ಕಾರಿ ಮತ್ತು ಖಾಸಗಿ ಕೆಲಸದ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನದ ಸಂಬಳಸಹಿತ ರಜೆಗೆ, ನನ್ನ ಮಟ್ಟಿಗೆ ಅದರ ದಿನಗಳ ಸಂಖ್ಯೆಗಿಂತ ದೊಡ್ಡ ಅರ್ಥವಿದೆ. ಮೈ ದಣಿದಿದೆ ಎಂಬುದೇ ಕಾರಣವಾಗಿ, ಮೈಲಿಗೆಯ ಹಂಗಿಲ್ಲದೆ, ಒಂದು ದಿನವನ್ನು ಕಾಗದದ ಮೇಲೆ ಬರೆದುಕೊಟ್ಟದ್ದು ಸಣ್ಣ ಸಂಗತಿಯಲ್ಲ. ಇದರಿಂದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಹಿಂಜರಿಯಬಹುದೆಂಬ ಆತಂಕ ಸುಳ್ಳಲ್ಲ. ಕಾರವಾರದ ಕಚೇರಿಯಲ್ಲಿರುವ ಗುಮಾಸ್ತೆಗೆ ಇದು ಸಿಕ್ಕೀತು, ಗೇರುಬೀಜದ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೂ ಸಿಗಬೇಕು. ಮೀನಿನ ಬುಟ್ಟಿಗೆ, ಅಡಿಕೆ ಅಂಗಳಕ್ಕೆ ರಜೆ ಅರ್ಜಿ ಬರೆಯುವುದು ಯಾರ ಹೆಸರಿಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮುಂದೂಡಿದ್ದರ ಬಡ್ಡಿ ಮೈಯಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸುತ್ತಿನಲ್ಲಿ ಶೇ 44.8 ಇತ್ತು. ದೇಶದ ಸರಾಸರಿ ಶೇ 57. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಎಂಟು, ಒಂಬತ್ತಕ್ಕೆ ಇಳಿದವರು ಕೆಲಸ ಮಾಡುತ್ತಲೇ ಇರುತ್ತಾರೆ, ಏಕೆಂದರೆ ಅದು ನಿಧಾನವಾಗಿ ಇಳಿದಾಗ ಮೈ ಹೊಂದಿಕೊಂಡುಬಿಡುತ್ತದೆ. ಏದುಸಿರು ವಯಸ್ಸಿನದೆಂದೂ, ಕೂದಲುದುರುವುದು ಚಿಂತೆಯದೆಂದೂ, ಸಿಡುಕು ಸ್ವಭಾವದ್ದೆಂದೂ ಮನೆಯವರಿಗೂ ಅವರಿಗೂ ಅನಿಸುತ್ತದೆ. ಕಾರಣಗಳು ಹಲವು ಒಟ್ಟಿಗೆ ಸೇರಿರುತ್ತವೆ: ನಲವತ್ತರ ನಂತರ ಹೆಚ್ಚಾಗುವ ಮುಟ್ಟಿನ ಸ್ರಾವ, ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ, ಊಟದ ಬೆನ್ನಿಗೇ ಕುಡಿಯುವ ಚಹಾ. ಚಹಾ ಅನ್ನದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ, ನಿಂಬೆಹುಳಿ ಹತ್ತಿಸುತ್ತದೆ; ಹರಿವೆ, ಬಸಳೆ ಹಿತ್ತಲಲ್ಲೇ ಇರುವ ಊರಿನಲ್ಲಿ ಇಷ್ಟು ತಿಳಿವಳಿಕೆಯಿಂದಲೂ ಒಂದಿಷ್ಟು ಪ್ರಯೋಜನವಿದೆ. ಆದರೆ ಒಂದು ಸಲ ಗಣನೀಯವಾಗಿ ಇಳಿದ ರಕ್ತ ಬರೀ ಸೊಪ್ಪಿನಿಂದ ಏರುವುದಿಲ್ಲ, ತಿಂಗಳುಗಟ್ಟಲೆ ಮಾತ್ರೆ ಬೇಕು, ಸ್ರಾವಕ್ಕೆ ಕಾರಣ ಹುಡುಕಬೇಕು.

ಇದರಲ್ಲಿ ಒಂದು ವಿಚಿತ್ರ ಗಮನಿಸಿದ್ದೇನೆ. ಶಾಲೆಗೆ ಹೋಗುವ ಹುಡುಗಿಗೆ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಸಿಗುತ್ತದೆ, ಏಕೆಂದರೆ ಅವಳನ್ನು ಹಿಡಿಯಲು ಶಾಲೆ ಎಂಬ ಒಂದು ಜಾಗವಿದೆ. ಬಸುರಿಯಾದರೆ ತಾಯಿ ಕಾರ್ಡ್ ಬರುತ್ತದೆ, ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ, 180 ಮಾತ್ರೆ ಲೆಕ್ಕವಿಟ್ಟು ಕೊಡುತ್ತಾರೆ. ಮಗುವಿನ ಲಸಿಕೆ ಮುಗಿದ ಮೇಲೆ ಆ ಕಾರ್ಡ್ ಟ್ರಂಕಿನ ತಳ ಸೇರುತ್ತದೆ, ಆಕೆಯೂ ಸರ್ಕಾರದ ಕಣ್ಣಿಂದ ಮರೆಯಾಗುತ್ತಾಳೆ. ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಬೇಕೆಂಬ ಕಾರ್ಯಕ್ರಮ ಇದೆಯಾದರೂ, ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 30ರಿಂದ 49ರ ನಡುವಿನ ಹೆಂಗಸರಲ್ಲಿ ಗರ್ಭಕೊರಳಿನ ತಪಾಸಣೆ ಎಂದಾದರೂ ಮಾಡಿಸಿಕೊಂಡವರು ಶೇ 1.9 ಮಾತ್ರ. ತಾಯಿಯಾಗಿರುವಷ್ಟು ಕಾಲ ನೋಡಿಕೊಳ್ಳುವ ವ್ಯವಸ್ಥೆಯೊಂದು ನಮ್ಮಲ್ಲಿದೆ. ತಾಯ್ತನದ ಆಚೆಗೂ ಆಕೆಗೆ ಮೂವತ್ತು ವರ್ಷ ದುಡಿಯಲಿಕ್ಕಿದೆ.

ದೂರದ ಮಾತನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ, ದೊಡ್ಡ ಕಾಯಿಲೆ ಎಂದೊಡನೆ ಕರಾವಳಿಯವರು ಮಣಿಪಾಲ, ಮಂಗಳೂರು, ಗೋವಾ ಎನ್ನುತ್ತಾರೆ, ಶಿರಸಿಯವರು ಹುಬ್ಬಳ್ಳಿ ಎನ್ನುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಕಾರವಾರದಿಂದ ಮಣಿಪಾಲಕ್ಕೆ ಅದರ ಎರಡರಷ್ಟು. 2022ರ ಜುಲೈಯಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿದ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ಆ ಚರ್ಚೆ ಹೆಚ್ಚಾಗಿ ಅಪಘಾತ, ಹೃದಯಾಘಾತಗಳ ಸುತ್ತ ನಡೆಯಿತು, ಸಹಜವೇ. ದೂರವು ಸದ್ದಿಲ್ಲದೆ ಮಾಡುವ ಹಾನಿ ಬೇರೆ ಬಗೆಯದು. ಮಣಿಪಾಲಕ್ಕೆ ಹೋಗುವುದೆಂದರೆ ಮನೆಯಲ್ಲಿ ಒಂದು ಇಡೀ ದಿನದ, ಕೆಲವೊಮ್ಮೆ ಎರಡು ದಿನದ ಬದಲಿ ವ್ಯವಸ್ಥೆ ಆಗಬೇಕು, ಜೊತೆಗೊಬ್ಬರು ಬರಬೇಕು. ಗಂಡನ ಮೊಣಕಾಲಿಗೆ ಆ ವ್ಯವಸ್ಥೆ ಆಗುತ್ತದೆ. ಅವಳ ಗರ್ಭಕೋಶದ ಗಡ್ಡೆಗೆ ಆಗುವುದು ಅದು ತಡೆಯಲಾರದಷ್ಟು ನೋಯಿಸಿದ ಮೇಲೆ.

ಮನಸ್ಸಿನ ಸಂಗತಿಗೆ ಬಂದರೆ, ಮನಸ್ಸು ಸರಿಯಿಲ್ಲ ಎಂದು ಹೇಳಿ ವೈದ್ಯರ ಮುಂದೆ ಕೂರುವ ಹೆಂಗಸು ನಮ್ಮ ಕಡೆ ವಿರಳ. ತಲೆ ಸುತ್ತು, ಕೈಕಾಲು ಸೆಳೆತ, ಎದೆ ಢವಢವ, ನಿದ್ದೆಯಿಲ್ಲ, ಬಿಳಿ ಹೋಗುತ್ತದೆ ಎನ್ನುತ್ತಾರೆ. ಕಾಳಿ ನದಿ ದಾಟಿದರೆ ಅರ್ಧ ಗಂಟೆಯೊಳಗೆ ಸಿಗುವ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿವೆ: ಬಿಳಿ ಹೋಗುತ್ತದೆ ಎಂದು ದೂರುವ ಹೆಂಗಸರಲ್ಲಿ ಆ ದೂರಿಗೆ ಸೋಂಕಿಗಿಂತ ಹೆಚ್ಚಾಗಿ ಖಿನ್ನತೆ, ಮನೆಯ ಒತ್ತಡಗಳ ನಂಟು ಕಂಡುಬಂದಿತ್ತು. ಸೋಂಕಿನ ಗುಳಿಗೆ ಕೊಟ್ಟು ಕಳಿಸಿದರೆ ಅವರು ಮತ್ತೆ ಬರುತ್ತಾರೆ. ಅಲ್ಲಿಯೇ ನಡೆದ ಇನ್ನೊಂದು ಪ್ರಯೋಗದಲ್ಲಿ, ವೈದ್ಯಕೀಯ ಓದಿರದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತಿಗೆ ಕೂರಿಸಿದಾಗ ಖಿನ್ನತೆ, ಆತಂಕದಿಂದ ಬಳಲುವವರು ಹೆಚ್ಚು ಸಂಖ್ಯೆಯಲ್ಲಿ ಚೇತರಿಸಿಕೊಂಡರೆಂಬುದು 2010ರಲ್ಲೇ ಪ್ರಕಟವಾಗಿದೆ. ಕೊಂಕಣಿ ಮಾತಾಡುವ ಅದೇ ಜನ, ಅದೇ ಮೀನು ಅನ್ನದ ಊಟ, ನಡುವೆ ಒಂದು ಗಡಿ ಅಷ್ಟೇ; ಆ ಪ್ರಯೋಗ ಈ ಕಡೆ ದಾಟಿ ಬರಲು ಏನು ಅಡ್ಡಿಯೋ ತಿಳಿಯದು.

2021ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 45,026 ಹೆಂಗಸರಲ್ಲಿ 23,178 ಮಂದಿ ಗೃಹಿಣಿಯರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳಿದೆ. ಮನೆಯಲ್ಲಿರುವವಳಿಗೆ ಏನು ಒತ್ತಡ ಎನ್ನುವವರಿಗೆ ಈ ಅಂಕಿ ಸಾಕು. ಸಾಲದ ಕಂತಿನ ಒತ್ತಡ ಹೆಂಗಸರ ಹೆಸರಿನಲ್ಲೇ ಮನೆಯೊಳಗೆ ಬಂದದ್ದೂ ಈ ಇಪ್ಪತ್ತು ವರ್ಷಗಳಲ್ಲಿ. ವಸೂಲಿಯ ಕಿರುಕುಳದಿಂದ ಸಾವುಗಳಾದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಮನೆಯವರೆಲ್ಲ ಮಲಗಿದ ಮೇಲೆ ಮಾತ್ರ ಪುರಸೊತ್ತು ಸಿಗುವವರಿಗೆ ಇದು ದೊಡ್ಡ ಅನುಕೂಲ. ಫೋನು ಗಂಡನ ಕೈಯಲ್ಲಿದ್ದರೆ, ಹಳ್ಳಿಯಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತುದಿಯ ಒಂದು ಮರದ ಬುಡದಲ್ಲಿ ಮಾತ್ರವಾದರೆ, ಅದು ಬೇರೆ ತಾಪತ್ರಯ. ಮನೆಯ ಸಂಕಟಕ್ಕೂ ಹೆಂಗಸರ ಒಗ್ಗಟ್ಟಿಗೂ ನಂಟಿದೆ ಎಂಬುದನ್ನು ಈ ಜಿಲ್ಲೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು 2017ರ ಪದ್ಮಶ್ರೀಯ ಹಾಡುಗಾರ್ತಿಯೆಂದು ದೇಶ ನೆನೆಯುತ್ತದೆ, ಊರು ನೆನೆಯುವುದು ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದ್ದಕ್ಕೂ ಹೌದು.

ಘಟ್ಟದ ಮೇಲಿನ ಊರುಗಳಲ್ಲಿ ಈಚೆಗೆ ದಟ್ಟವಾಗುತ್ತಿರುವ ಇನ್ನೊಂದು ಸಂಗತಿಯೆಂದರೆ ನೋಡಿಕೊಳ್ಳುವವರಿಗೇ ವಯಸ್ಸಾಗುತ್ತಿರುವುದು. ರಾಜ್ಯದ ಫಲವಂತಿಕೆಯ ದರ, ಅಂದರೆ ಹೆಂಗಸೊಬ್ಬಳು ಹೆರುವ ಮಕ್ಕಳ ಸರಾಸರಿ, 1.7ಕ್ಕೆ ಇಳಿದಿದೆ, ಒಬ್ಬಿಬ್ಬರು ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ಎಂಬತ್ತೈದರ ಅತ್ತೆಯನ್ನು ಎತ್ತಿ ಕೂರಿಸುವ ಸೊಸೆಗೆ ಅರವತ್ತೆರಡು, ಸ್ವತಃ ಮೊಣಕಾಲು ಸವೆದಿದೆ. ಆಕೆಗೆ ಸೊಸೆ ಬಂದಿಲ್ಲ, ಬಂದರೂ ಊರಿಗೆ ಬರುವುದಿಲ್ಲ, ಬರಬೇಕೆಂದು ಬಯಸುವುದೂ ನ್ಯಾಯವಲ್ಲ. ಕೂಲಿಗೆ ಹೋಗುವವರ ಮಕ್ಕಳಿಗೆಂದು 2023ರಲ್ಲಿ ಪಂಚಾಯಿತಿ ಮಟ್ಟದಲ್ಲಿ ಕೂಸಿನ ಮನೆ ಎಂಬ ಶಿಶುಪಾಲನೆಯ ಕೇಂದ್ರ ತೆರೆದಂತೆ, ವೃದ್ಧರನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಜಾಗದ ಬಗ್ಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಕಡೆ ಈಗಲೇ ಯೋಚಿಸದಿದ್ದರೆ ಇನ್ನು ಹತ್ತು ವರ್ಷದಲ್ಲಿ ಕಷ್ಟವಿದೆ. ಹೇಗೆ ಎಂಬುದಕ್ಕೆ ಸಿದ್ಧ ಉತ್ತರ ನನ್ನಲ್ಲಿಲ್ಲ. ಅಡಿಕೆಯನ್ನು ಸಹಕಾರಿ ಸಂಘ ಕಟ್ಟಿ ನೂರು ವರ್ಷ ನಡೆಸಿದ ಸೀಮೆಗೆ ಇದು ಅಸಾಧ್ಯವೆಂದೂ ಅನಿಸುವುದಿಲ್ಲ.

ಬದಲಾದದ್ದೂ ಇದೆ. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯ ಉಚಿತ ಬಸ್ಸು ಆಸ್ಪತ್ರೆಗೆ ಹೋಗುವ ನಿರ್ಧಾರದಿಂದ ಒಂದು ಪ್ರಶ್ನೆಯನ್ನು ತೆಗೆದುಹಾಕಿದೆ. ಗಂಡನ ಬಳಿ ಬಸ್ ಚಾರ್ಜು ಕೇಳಬೇಕಿಲ್ಲ ಎಂದರೆ ಏಕೆ ಹೋಗುತ್ತಿದ್ದೇನೆಂದು ವಿವರಿಸಬೇಕಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಬಂದ ತಿಂಗಳು, ಪರೀಕ್ಷೆಯ ಶುಲ್ಕಕ್ಕೆ ಆಗುತ್ತದೆ. ಬಸ್ಸು ಓಡಾಡುವ ಊರಿಗೆ ಮಾತ್ರ ಬಸ್ಸು ಉಚಿತ ಎಂಬುದನ್ನು ಜೊಯಿಡಾದ ಕಾಡಿನೊಳಗಿನವರು ನೆನಪಿಸುತ್ತಾರೆ, ಮೀನಿನ ಬುಟ್ಟಿ ಇದ್ದವರಿಗೆ ಟೆಂಪೋ, ರಿಕ್ಷಾವೇ ಗತಿ. ಅಡಿಕೆ ಸುಲಿಯುವ ಯಂತ್ರ ಹೆಂಗಸರ ಎಷ್ಟೋ ರಾತ್ರಿಗಳನ್ನು ಉಳಿಸಿದೆ. ಅದು ಬಂದದ್ದು ಆಳು ಸಿಗದೆ ಹೋದಾಗ, ಹೆಂಗಸರ ಸೊಂಟ ನೋಯುತ್ತದೆಂದಲ್ಲ, ಮತ್ತು ಉಳಿದ ಹೊತ್ತಿಗೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹೋಂಸ್ಟೇ ಊಟ ಬಂದು ಕೂತಿವೆ. ದುಡ್ಡೂ ಬಸ್ಸೂ ಯಂತ್ರವೂ ಮಾಡಲಾಗದ್ದು ಒಂದೇ: ಅವಳು ಹೊರಟ ದಿನ ಅವಳ ಕೆಲಸ ಮಾಡುವ ಇನ್ನೊಂದು ಜೊತೆ ಕೈ. ಮನೆಗೆಲಸಕ್ಕೆ ಗಂಡಸರು ಕೊಡುವ ಆ 88 ನಿಮಿಷ ಮೇಲೇರದೆ ಅದು ಬರುವುದಿಲ್ಲ. ಮದುವೆಮನೆಯಲ್ಲಿ ಐನೂರು ಎಲೆಗೆ ಅಡುಗೆ ಇಳಿಸುವ ಗಂಡಸರು ನಮ್ಮಲ್ಲೇ ಇದ್ದಾರೆ, ಆದ್ದರಿಂದ ಅಡುಗೆ ಬರುವುದಿಲ್ಲ ಎಂಬ ಮಾತು ಮಾತ್ರ ನಡೆಯದು.

ಅತ್ತಿಗೆ ಕೊನೆಗೆ ಹೋದದ್ದು ಮಾರ್ಚಿನಲ್ಲಿ, ಚಾಲಿ ಮಾರಿದ ಮರುವಾರ. ಹಿಮೋಗ್ಲೋಬಿನ್ 7.9 ಇತ್ತು. ಬೆಳಗಿನ ಏಳರ ಬಸ್ಸಿಗೆ ಹೋದವರು, ವರದಿಗೆ ಕಾದು, ಮಾತ್ರೆ ತೆಗೆದುಕೊಂಡು, ಸಂಜೆಯ ಬಸ್ಸು ತಪ್ಪಿ, ಮನೆ ಮುಟ್ಟುವಾಗ ರಾತ್ರಿ ಎಂಟಾಗಿತ್ತು. ಹಾಲು ಅಣ್ಣ ಕರೆದಿದ್ದ. ಆಕಳು ಒದೆಯಲಿಲ್ಲ, ದಿನದ ಮೂರು ಲೀಟರಿಗೆ ಎರಡೂಕಾಲು ಕೊಟ್ಟಿತು.